ಖಾಲಿಯಾದ ಚಾಪೆಗಳ ಲೆಕ್ಕ

ಸ್ಮರಣ ಸಂಚಿಕೆ ಎಂದರೆ ಸಾಮಾನ್ಯವಾಗಿ ಕಟ್ಟಡದ ಕಥೆ. ಶಂಕುಸ್ಥಾಪನೆ ಯಾರ ಕೈಯಿಂದ ಆಯಿತು, ಮೇಲಂತಸ್ತು ಯಾವ ದಾನಿಯಿಂದ ಬಂತು, ಬೆಳ್ಳಿಹಬ್ಬಕ್ಕೆ ಯಾವ ಮಂತ್ರಿ ಬಂದಿದ್ದರು, ಈಗ ಎಷ್ಟು ಮಂದಿ ನಿವಾಸಿಗಳಿದ್ದಾರೆ. ಮಠಕ್ಕೂ ಹಾಸ್ಟೆಲ್ಲಿಗೂ ಅನಾಥಾಲಯಕ್ಕೂ ಒಪ್ಪುವ ಅಚ್ಚು ಇದು. ಮನೆ ಬಿಟ್ಟು ಬಂದ ಮಕ್ಕಳನ್ನು ಮತ್ತೆ ಮನೆ ಸೇರಿಸುವ ಸಂಸ್ಥೆಗಳ ಚರಿತ್ರೆ ಬರೆಯಲು ಕೂತರೆ ಮಾತ್ರ ಈ ಅಚ್ಚು ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಹಾಸಿದ ಚಾಪೆ ಎಷ್ಟು ಬೇಗ ಖಾಲಿಯಾದರೆ ಕೆಲಸ ಅಷ್ಟು ಚೆನ್ನಾಗಿ ನಡೆದ ಹಾಗೆ. ಊರಲ್ಲಿ ಅವ್ವ ಕಾಯುತ್ತಿರುವ ಹುಡುಗನೊಬ್ಬ ಎರಡು ವರ್ಷ ಅಲ್ಲೇ ಉಳಿದ ಎಂದರೆ ಎಲ್ಲೋ ಏನೋ ತಪ್ಪಿದೆ. ಹಾಗಾಗಿ ಈ ಲೇಖನದಲ್ಲಿ ಕಟ್ಟಡಗಳು ಕಡಿಮೆ. ರೈಲು ನಿಲ್ದಾಣಗಳು ಹೆಚ್ಚು.

ನಾನು ಇಂಥ ಯಾವ ಸಂಸ್ಥೆಯ ಪದಾಧಿಕಾರಿಯೂ ಅಲ್ಲ. ದೂರದಿಂದ ನೋಡುತ್ತಾ, ಕಾಯಿದೆ ಕಾಗದಗಳನ್ನು ಓದುತ್ತಾ, ಈ ಕೆಲಸದಲ್ಲಿ ಕೂದಲು ಹಣ್ಣಾದವರ ಮಾತು ಕೇಳುತ್ತಾ ಬಂದವನು. ಕಟ್ಟಿಕೊಂಡ ಅಭಿಪ್ರಾಯಗಳು ನನ್ನವೇ, ಅವುಗಳಿಗೆ ಸಂಪಾದಕರು ಹೊಣೆಯಲ್ಲ.

ಬೆಂಗಳೂರಿನಿಂದ ಶುರು ಮಾಡೋಣ. 1980ರಲ್ಲಿ ಸಲೇಸಿಯನ್ ಪಂಥದ ಕೆಲವು ಗುರುವಿದ್ಯಾರ್ಥಿಗಳು, ಕ್ರಿಸ್ತು ಜ್ಯೋತಿ ಕಾಲೇಜಿನಲ್ಲಿ ದೇವಶಾಸ್ತ್ರ ಓದುತ್ತಿದ್ದವರು, ಊರಿನ ಬೀದಿಗಳಲ್ಲಿ ಚಿಂದಿ ಆಯುವ ಹುಡುಗರ ಜೊತೆ ಮಾತಿಗೆ ಇಳಿದರು. 19ನೇ ಶತಮಾನದ ಇಟಲಿಯ ಟ್ಯೂರಿನ್ ನಗರದಲ್ಲಿ ಬೀದಿ ಹುಡುಗರ ನಡುವೆ ಕೆಲಸ ಮಾಡಿದ ಡಾನ್ ಬಾಸ್ಕೊ ಇವರ ಪಂಥದ ಮೂಲಪುರುಷ. ಬೆಂಗಳೂರಿನ ಕೆಲಸ ಸಂಸ್ಥೆಯಾಗಿ ಗಟ್ಟಿಗೊಂಡಾಗ ಅದಕ್ಕೆ ಇಟ್ಟ ಹೆಸರು 'ಬೆಂಗಳೂರು ಓಣಿಯವರ ಸೇವಾ ಕೂಟ'. ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿಕೊಂಡರೆ 'ಬಾಸ್ಕೊ'. ಗುರುವಿನ ಹೆಸರನ್ನು ಕನ್ನಡದ ಓಣಿಯೊಳಗೆ ಇಷ್ಟು ಜಾಣತನದಿಂದ ಬಚ್ಚಿಟ್ಟ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. 'ಅನಾಥ' ಎಂಬ ಪದವನ್ನು ಅದು ಬಳಸಲಿಲ್ಲ ಎಂಬುದು ನನಗೆ ಇನ್ನೂ ಹೆಚ್ಚು ಹಿಡಿಸಿದ ಸಂಗತಿ. ಓಣಿಯವರು ಅಂದರೆ ಓಣಿಯಲ್ಲಿರುವವರು. ಅವರಿಗೆ ಅಪ್ಪ ಅಮ್ಮ ಇದ್ದಾರೋ ಇಲ್ಲವೋ ಎಂಬುದನ್ನು ಹೆಸರಿನಲ್ಲೇ ತೀರ್ಮಾನ ಮಾಡಿ ಮುಗಿಸಲಿಲ್ಲ.

ಆ ಕಾಲದಲ್ಲಿ ಬೀದಿಯ ಹುಡುಗನ ಮುಂದೆ ಸರ್ಕಾರಕ್ಕೆ ಇದ್ದದ್ದು ಒಂದೇ ದಾರಿ: ಪೊಲೀಸರು ಹಿಡಿಯುವುದು, ಬಾಲಮಂದಿರಕ್ಕೆ ಸೇರಿಸುವುದು. ನಮ್ಮ ರಾಜ್ಯದಲ್ಲಿ 1964ರ ಮಕ್ಕಳ ಕಾಯಿದೆ ಜಾರಿಯಲ್ಲಿತ್ತು. ಹುಡುಗರ ಬಾಯಲ್ಲಿ ಬಾಲಮಂದಿರ ಎಂಬ ಮುದ್ದು ಹೆಸರು ಎಂದೂ ಬರಲಿಲ್ಲ. ಅವರಿಗೆ ಅದು 'ರಿಮ್ಯಾಂಡ್ ಹೋಮ್'. ದೇಶದ ಬೇರೆ ಬೇರೆ ಕಡೆ ಮಕ್ಕಳು ನೇರ ಜೈಲಿನಲ್ಲೇ ಇದ್ದರು. ಪತ್ರಕರ್ತೆ ಶೀಲಾ ಬರ್ಸೆ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದದ್ದು, 1986ರಲ್ಲಿ ಇಡೀ ದೇಶಕ್ಕೆ ಒಂದೇ ಬಾಲನ್ಯಾಯ ಕಾಯಿದೆ ಬಂದದ್ದು, ಅದು 1987ರ ಅಕ್ಟೋಬರ್ 2ರಂದು ಜಾರಿಯಾದದ್ದು ಈಗ ಕಾನೂನು ವಿದ್ಯಾರ್ಥಿಗಳ ಟಿಪ್ಪಣಿಯ ಮಾತು. ಆ ಕಾಯಿದೆಯ ಭಾಷೆಯಲ್ಲಿ ಓಡಿಬಂದ ಹುಡುಗ 'ಅಲಕ್ಷಿತ ಬಾಲಕ'. ಅಲಕ್ಷ್ಯ ಮಾಡಿದವರು ಮನೆಯವರು ಎಂಬ ಆರೋಪ ಆ ಪದದ ಹೊಟ್ಟೆಯಲ್ಲೇ ಇತ್ತು. ಮನೆಯವರು ತಪ್ಪಿತಸ್ಥರಾದ ಮೇಲೆ ಮಗುವನ್ನು ಅವರ ಕೈಗೆ ವಾಪಸು ಕೊಡುವ ಯೋಚನೆ ಯಾರಿಗೆ ಬರಬೇಕು?

ಹಾಗಾಗಿ ಎಂಬತ್ತರ ದಶಕದ ಸೇವಾಸಂಸ್ಥೆಗಳ ಯೋಚನೆಯೂ ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಹರಿಯಿತು. ಇರಲು ಜಾಗ, ಊಟ, ಒಂದಿಷ್ಟು ಅಕ್ಷರ, ಬಡಗಿ ಕೆಲಸವೋ ವೆಲ್ಡಿಂಗೋ ಕಲಿಸಿ ಕಾಲ ಮೇಲೆ ನಿಲ್ಲಿಸುವುದು. ಒಳ್ಳೆಯ ಕೆಲಸವೇ, ಅನುಮಾನವಿಲ್ಲ. ಆದರೆ ಆ ಹುಡುಗನ ಊರಲ್ಲಿ ಒಬ್ಬ ಅವ್ವ ಪ್ರತಿ ಅಮಾವಾಸ್ಯೆಗೆ ಗುಡಿಗೆ ಹೋಗಿ ಹರಕೆ ಹೊರುತ್ತಿದ್ದಾಳೆ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ.

ನಮ್ಮ ಸಿನಿಮಾಗಳೂ ಹಾಗೆಯೇ. 1993ರ 'ಚಿನ್ನಾರಿ ಮುತ್ತ'ದ ಹಳ್ಳಿ ಹುಡುಗ ಬೆಂಗಳೂರಿನ ಬೀದಿಗೆ ಬಂದು ಓಟಗಾರನಾಗುತ್ತಾನೆ. ಟಿ.ಎಸ್. ನಾಗಾಭರಣರ ಈ ಚಿತ್ರ ನನಗೆ ಇಂದಿಗೂ ಇಷ್ಟ. ಆದರೂ ಒಂದು ತಕರಾರು. ಬೀದಿಯ ಹುಡುಗ ಗೆಲ್ಲಬೇಕಾದರೆ ಪದಕವನ್ನೇ ಗೆಲ್ಲಬೇಕು ಎಂದು ನಾವು ನಂಬಿಬಿಟ್ಟಿದ್ದೇವೆ. ಸಂಜೆ ಬಸ್ಸಿಗೆ ಊರಿಗೆ ಹೋಗಿ ಅವ್ವನ ಮುಂದೆ ತಲೆ ತಗ್ಗಿಸಿ ನಿಂತ ಎಂಬ ಗೆಲುವಿಗೆ ಚಪ್ಪಾಳೆ ಬೀಳುವುದಿಲ್ಲ.

ದಿಕ್ಕು ಬದಲಾದ ಜಾಗಗಳಲ್ಲಿ ಒಂದು ನಮ್ಮ ರಾಯಚೂರು. 1992ರಲ್ಲಿ ಪ್ರಮೋದ್ ಕುಲಕರ್ಣಿ ಅಲ್ಲಿ 'ಸಾಥಿ' ಎಂಬ ಸಂಸ್ಥೆ ಶುರು ಮಾಡಿದರು. ಸಂಕಷ್ಟದ ಸ್ಥಿತಿಯಲ್ಲಿರುವ ಮಕ್ಕಳಿಗೆ ನೆರವು ಎಂಬರ್ಥದ ಉದ್ದನೆಯ ಇಂಗ್ಲಿಷ್ ಹೆಸರಿನ ಚುಟುಕು ರೂಪ ಅದು. ಹಿಂದಿಯಲ್ಲಿ ಜೊತೆಗಾರ ಎಂದೂ ಆಗುತ್ತದೆ. ಅದೇ 1992ರ ಡಿಸೆಂಬರ್ 11ರಂದು ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿತು. ಮಗುವಿಗೆ ತನ್ನ ಕುಟುಂಬದ ಜೊತೆ ಇರುವ ಹಕ್ಕಿದೆ ಎಂದು ಆ ಒಡಂಬಡಿಕೆ ಹೇಳುತ್ತದೆ. ಎರಡಕ್ಕೂ ಸಂಬಂಧವೇನೂ ಇರಲಿಲ್ಲ. ರಾಯಚೂರಿನ ಪ್ಲಾಟ್‌ಫಾರ್ಮಿಗೆ ಜಿನೀವಾದ ಗಾಳಿ ತಾಕಿರಲಿಕ್ಕಿಲ್ಲ.

ಯಾಕೆ ರಾಯಚೂರು? ನಕ್ಷೆ ನೋಡಿದರೆ ಸಾಕು. ಮುಂಬಯಿಯಿಂದ ದಕ್ಷಿಣಕ್ಕೆ ಇಳಿಯುವ ಹಳಿ ಸೊಲ್ಲಾಪುರ, ಕಲಬುರಗಿ, ವಾಡಿ ದಾಟಿ ರಾಯಚೂರಿಗೆ ಬಂದು ಗುಂತಕಲ್ಲಿಗೆ ಹೋಗುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ ಆಗಲಿ, ದೆಹಲಿಯ ಕರ್ನಾಟಕ ಎಕ್ಸ್‌ಪ್ರೆಸ್ ಆಗಲಿ ಅದೇ ಹಳಿ. ಎರಡು ನದಿಗಳ ನಡುವಿನ ಈ ಸೀಮೆಗೆ ಬರ ಹೊಸತಲ್ಲ, ಗುಳೆ ಹೋಗುವುದೂ ಹೊಸತಲ್ಲ. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಪುಣೆಗೋ ಬೆಂಗಳೂರಿಗೋ ಗುಳೆ ಹೋದಾಗ ಮಕ್ಕಳು ಅಜ್ಜಿಯ ಹತ್ತಿರ ಇಲ್ಲವೇ ದೊಡ್ಡಪ್ಪನ ಮನೆಯಲ್ಲಿ ಉಳಿಯುತ್ತಾರೆ. ರೈಲು ಎಂಬುದು ಅಪ್ಪನನ್ನು ಕರೆದೊಯ್ದ ವಸ್ತು ಎಂದು ಅವರಿಗೆ ಗೊತ್ತು. ಒಂದು ದಿನ ತಾವೂ ಹತ್ತುತ್ತಾರೆ. ಟಿಕೆಟ್ ಇಲ್ಲ, ಚೀಲ ಇಲ್ಲ, ಎಲ್ಲಿ ಇಳಿಯಬೇಕೆಂಬ ಗೊತ್ತುಗುರಿ ಇಲ್ಲ.

ಕೆಲವೇ ವರ್ಷಗಳಲ್ಲಿ ಸಾಥಿಯ ಕೆಲಸದ ತಿರುಳು ಗಟ್ಟಿಯಾಯಿತು. ಪ್ಲಾಟ್‌ಫಾರ್ಮಿನ ಮಕ್ಕಳಲ್ಲಿ ಹೆಚ್ಚಿನವರಿಗೆ ಮನೆಯಿದೆ, ಹುಡುಕುತ್ತಿರುವ ತಂದೆತಾಯಿ ಇದ್ದಾರೆ. ಅವರು ಬಿಟ್ಟುಬಂದ ಕಾರಣ ಬಹಳ ಸಲ ದೊಡ್ಡವರ ಕಣ್ಣಿಗೆ ಚಿಕ್ಕದು: ಪರೀಕ್ಷೆಯಲ್ಲಿ ಫೇಲಾದದ್ದು, ಕಿರಾಣಿ ತರಲು ಕೊಟ್ಟ ದುಡ್ಡು ಕಳೆದುಕೊಂಡದ್ದು, ದನ ಹೊಲಕ್ಕೆ ನುಗ್ಗಿದ್ದಕ್ಕೆ ಬಿದ್ದ ಪೆಟ್ಟು, ಗೆಳೆಯನೊಬ್ಬ ಮುಂಬಯಿ ತೋರಿಸುತ್ತೇನೆ ಎಂದದ್ದು. ಕಾರಣ ಚಿಕ್ಕದಾದರೂ ಹಿಂದಿರುಗುವ ದಾರಿ ದಿನದಿನಕ್ಕೂ ದೊಡ್ಡದಾಗುತ್ತದೆ. ಮೊದಲ ದಿನ ಹೆದರಿಕೆ, ಎರಡನೇ ವಾರ ನಾಚಿಕೆ, ಆರು ತಿಂಗಳಿಗೆ ಅಭ್ಯಾಸ. ಹಾಗಾಗಿ ಹುಡುಗ ರೈಲಿನಿಂದ ಇಳಿದ ಮೊದಲ ಗಂಟೆಗಳಲ್ಲೇ ಅವನನ್ನು ಕಾಣಬೇಕು ಎಂಬುದು ಅವರ ನಿಯಮವಾಯಿತು. ಆಶ್ರಯಧಾಮ ಎಂದರೆ ತಂಗುದಾಣ ಅಷ್ಟೇ. ರಾಯಚೂರಿನಲ್ಲಿ ಹುಟ್ಟಿದ ಈ ಕ್ರಮ ಆಮೇಲೆ ಉತ್ತರ ಭಾರತದ ದೊಡ್ಡ ಜಂಕ್ಷನ್ನುಗಳಿಗೂ ಹೋಯಿತು. ಮಾಲ್ಕಮ್ ಹಾರ್ಪರ್ ಮತ್ತು ಲಲಿತಾ ಅಯ್ಯರ್ ಇದರ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ 2013ರಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ಅಂಥದೊಂದು ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ, ಬಿದ್ದವರು ತಿಳಿಸಿದರೆ ಋಣಿ.

ಇಲ್ಲಿ ಸ್ವಲ್ಪ ನಿಂತು ಆ ಮೊದಲ ಗಂಟೆಯ ಕಸುಬಿನ ಬಗ್ಗೆ ಹೇಳಬೇಕು. ಸಂಸ್ಥೆಗಳ ವರದಿಗಳಲ್ಲಿ 'ಸಂಪರ್ಕ ಮಾಡಲಾಯಿತು' ಎಂಬ ಎರಡು ಪದಗಳಲ್ಲಿ ಅದು ಮುಗಿದುಹೋಗಿರುತ್ತದೆ.

ಮುಂಜಾನೆ ಗಾಡಿ ಬಂದು ನಿಂತಾಗ ಪ್ಲಾಟ್‌ಫಾರ್ಮಿನಲ್ಲಿ ಸಾವಿರ ಜನ ಇಳಿಯುತ್ತಾರೆ. ಅವರೊಳಗೆ ಓಡಿಬಂದ ಹುಡುಗ ಯಾರು? ಅನುಭವಿಗಳು ಹೇಳುವಂತೆ, ಎಲ್ಲರೂ ಹೊರಹೋಗುವ ಬಾಗಿಲಿನ ಕಡೆ ನಡೆಯುವಾಗ ನಡೆಯದೆ ನಿಂತವನು. ನೀರಿನ ನಲ್ಲಿಯ ಹತ್ತಿರ ಬಹಳ ಹೊತ್ತು ಮುಖ ತೊಳೆಯುವವನು. ಯಾವುದೋ ಕುಟುಂಬದ ಹಿಂದೆ ಅವರವನೇ ಎಂಬಂತೆ ಹತ್ತು ಹೆಜ್ಜೆ ಹೋಗಿ ನಿಂತುಬಿಡುವವನು. ಅವನನ್ನು ಗುರುತಿಸುವವರು ಕಾರ್ಯಕರ್ತರೊಬ್ಬರೇ ಅಲ್ಲ. ಹೋಟೆಲ್ಲಿಗೆ, ಬೇಕರಿಗೆ, ಚೀಲ ಹೊಲಿಯುವ ಕಾರ್ಖಾನೆಗೆ ಹುಡುಗರನ್ನು ಒದಗಿಸುವ ದಲ್ಲಾಳಿಯ ಕಣ್ಣೂ ಅಷ್ಟೇ ಪಳಗಿರುತ್ತದೆ. ಅಲ್ಲೇ ಬೀಡುಬಿಟ್ಟ ದೊಡ್ಡ ಹುಡುಗರ ಕಣ್ಣೂ. ಅವರು ತಿಂಡಿ ಕೊಡಿಸುತ್ತಾರೆ, ಮಲಗಲು ಜಾಗ ತೋರಿಸುತ್ತಾರೆ, ಪಂಕ್ಚರ್ ಹಾಕುವ ಸೊಲ್ಯೂಷನ್ನನ್ನು ಬಟ್ಟೆಗೆ ಹಚ್ಚಿ ಮೂಸುವುದನ್ನೂ ಕಲಿಸುತ್ತಾರೆ. ಅವರ ದಯೆ ಸುಳ್ಳಲ್ಲ, ಅದಕ್ಕೆ ಬೆಲೆ ಇರುತ್ತದೆ ಅಷ್ಟೇ.

ಮಾತು ಶುರುವಾದ ಕೂಡಲೇ ಹುಡುಗ ಹೇಳುವುದು ಸುಳ್ಳು. ಹೆಸರು ಸುಳ್ಳು, ಊರು ಸುಳ್ಳು, 'ಅಪ್ಪ ಅವ್ವ ಸತ್ತಾರ' ಎಂಬುದು ಎಲ್ಲಕ್ಕಿಂತ ಸಲೀಸಾದ ಸುಳ್ಳು. ಪಳಗಿದವರು ಅದನ್ನು ತಿದ್ದಲು ಹೋಗುವುದಿಲ್ಲ. ಸುಳ್ಳನ್ನು ಸುಳ್ಳೆಂದು ಸಾಧಿಸುವುದು ಪೊಲೀಸರ ಕ್ರಮ, ಅದರಿಂದ ಹುಡುಗ ಮತ್ತಷ್ಟು ಬಿಗಿಯಾಗುತ್ತಾನೆ. ಬದಲಿಗೆ ಊಟದ ಮಾತು ತೆಗೆಯುತ್ತಾರೆ. ರೊಟ್ಟಿ ಅಂದನೋ, ಮುದ್ದೆ ಅಂದನೋ? ಅವ್ವ ಅಂದನೋ, ಅಮ್ಮ ಅಂದನೋ? ಎತ್ತು ಕಟ್ಟುವುದು ಬಂಡಿಗೋ, ಚಕ್ಕಡಿಗೋ, ಗಾಡಿಗೋ? ಬಂಡಿ ಅಂದರೆ ಬಳ್ಳಾರಿ-ರಾಯಚೂರು ಕಡೆಯಾದೀತು, ಚಕ್ಕಡಿ ಅಂದರೆ ಧಾರವಾಡ-ಬೆಳಗಾವಿ ಕಡೆ ನೋಡಬೇಕು. ನಿಮ್ಮೂರ ಸಂತೆ ಯಾವ ವಾರ, ಜಾತ್ರೆಗೆ ತೇರು ಎಳೆಯುತ್ತಾರೋ ಪಲ್ಲಕ್ಕಿ ಹೊರುತ್ತಾರೋ, ಶಾಲೆ ಮೇಷ್ಟ್ರು ಸೈಕಲ್ ಮೇಲೆ ಬರ್ತಾರೋ ಬಸ್ಸಿಗೆ ಬರ್ತಾರೋ, ಆ ಬಸ್ಸಿನ ಮುಂದೆ ಬೋರ್ಡಿನಲ್ಲಿ ಯಾವ ಊರ ಹೆಸರು ಇರುತ್ತೆ? ತನ್ನ ಊರಿನ ಹೆಸರು ಮುಚ್ಚಿಟ್ಟ ಹುಡುಗ ಬಸ್ಸಿನ ಬೋರ್ಡನ್ನು ಮಾತ್ರ ಹೆಮ್ಮೆಯಿಂದ ಹೇಳಿಬಿಡುತ್ತಾನೆ. ಕನ್ನಡದ ಉಪಭಾಷಾ ವಿಜ್ಞಾನ ವಿಶ್ವವಿದ್ಯಾಲಯದ ಹೊರಗೆ ಇಷ್ಟು ಉಪಯೋಗಕ್ಕೆ ಬಂದ ಜಾಗ ಇನ್ನೊಂದಿಲ್ಲ ಎಂದು ನನಗೆ ಅನ್ನಿಸಿದ್ದುಂಟು.

ಊರ ಹೆಸರು ಸಿಕ್ಕರೂ ಮುಗಿಯಲಿಲ್ಲ. ಹೊಸಹಳ್ಳಿ, ರಾಂಪುರ, ಹೊಸೂರು ಎಂಬ ಊರುಗಳು ಈ ರಾಜ್ಯದಲ್ಲಿ ಎಷ್ಟಿವೆಯೋ ದೇವರೇ ಬಲ್ಲ. ಐದಾರು ವರ್ಷದ ಮಗುವಾದರೆ ಹೆಸರಿನ ಉಚ್ಚಾರವೇ ಬೇರೆ. ಇದು ಯಾವ ಮಟ್ಟಕ್ಕೆ ಹೋಗಬಲ್ಲದು ಎಂಬುದಕ್ಕೆ ಜಗತ್ತಿಗೇ ಗೊತ್ತಾದ ಉದಾಹರಣೆ ಸರೂ ಬ್ರಿಯರ್ಲಿ. ಮಧ್ಯಪ್ರದೇಶದ ಖಂಡ್ವಾದ ಗಣೇಶ್ ತಲೈ ಬಡಾವಣೆಯ ಐದು ವರ್ಷದ ಶೇರು, 1986ರಲ್ಲಿ ಅಣ್ಣನ ಜೊತೆ ಬುರ್ಹಾನ್‌ಪುರಕ್ಕೆ ಹೋಗಿ, ನಿಂತಿದ್ದ ರೈಲಿನಲ್ಲಿ ನಿದ್ದೆ ಹೋಗಿ, ಕೊನೆಗೆ ತಲುಪಿದ್ದು ಹೌರಾ. ಊರಿನ ಹೆಸರು ಕೇಳಿದರೆ 'ಗಿನೆಸ್ಟಲೇ' ಎನ್ನುತ್ತಿದ್ದ. ನಿಲ್ದಾಣದ ಹೆಸರು 'ಬೆರಂಪುರ್' ಆಗಿತ್ತು. ಯಾವ ನಕ್ಷೆಯಲ್ಲೂ ಸಿಗಲಿಲ್ಲ. ಮರುವರ್ಷ ಆಸ್ಟ್ರೇಲಿಯಾದ ಟಾಸ್ಮೇನಿಯಾದ ದಂಪತಿ ದತ್ತು ತೆಗೆದುಕೊಂಡರು. ಇಪ್ಪತ್ತೈದು ವರ್ಷಗಳ ಮೇಲೆ, ಗೂಗಲ್ ಅರ್ಥ್‌ನಲ್ಲಿ ಹಳಿಗಳ ಹಿಂದೆ ಬಿದ್ದು, ನೀರಿನ ಟ್ಯಾಂಕಿನ ಗುರುತು ಹಿಡಿದು, ಅವರು ಊರು ಕಂಡುಕೊಂಡರು. 2012ರಲ್ಲಿ ಹೋದಾಗ ತಾಯಿ ಅದೇ ಬಡಾವಣೆಯಲ್ಲೇ ಇದ್ದರು, ಮಗ ಬಂದರೆ ಇರಲಿ ಎಂದು ಬೇರೆಲ್ಲೂ ಹೋಗದೆ. ಜನ ಇದನ್ನು ತಂತ್ರಜ್ಞಾನದ ಪವಾಡ ಎನ್ನುತ್ತಾರೆ. ನಮ್ಮ ಕಾರ್ಯಕರ್ತರೊಬ್ಬರ ಜೊತೆ ಈ ಮಾತು ಬಂದಾಗ ಅವರಿಗೆ ತಟ್ಟಿದ್ದು ಬೇರೆ. ಹೌರಾದಲ್ಲಿ ಆ ದಿನ ಖಂಡ್ವಾ ಇರುವ ನಿಮಾರ್ ಸೀಮೆಯ ಮಾತು ಬಲ್ಲ ಒಬ್ಬನೇ ಒಬ್ಬ ಮನುಷ್ಯ ಕೂತು ಕೇಳಿದ್ದರೆ ಸಾಕಿತ್ತು ಅಂದರು.

ಎಲ್ಲ ಹುಡುಗರೂ ಮೊದಲ ವಾರದಲ್ಲೇ ಸಿಗುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲೇ ಎರಡು ಮೂರು ವರ್ಷ ಕಳೆದವರಿಗೆ ಮನೆಯ ಮಾತೇ ಬೇಡ. ಅವರಿಗೆ ಸ್ವಾತಂತ್ರ್ಯದ ರುಚಿ ಹತ್ತಿರುತ್ತದೆ, ದಿನಕ್ಕೆ ಅಷ್ಟಿಷ್ಟು ದುಡಿಮೆ, ರಾತ್ರಿ ಸಿನಿಮಾ, ಸೊಲ್ಯೂಷನ್. ಇಂಥವರಿಗಾಗಿ ಸಾಥಿ ರೂಪಿಸಿದ್ದು ಸುಮಾರು ಒಂದು ತಿಂಗಳ ಶಿಬಿರ. ನಿಲ್ದಾಣದಿಂದ ದೂರ, ಮೂವತ್ತು ನಲವತ್ತು ಹುಡುಗರು ಒಟ್ಟಿಗೆ. ಯೋಗ, ಆಟ, ಹಾಡು, ಹೊತ್ತಿಗೆ ಸರಿಯಾಗಿ ಊಟ ನಿದ್ದೆ. ಉಪದೇಶ ಕಡಿಮೆ. ಮೈಯಿಂದ ನಶೆ ಇಳಿಯಲು ಮೊದಲ ದಿನಗಳು ಹೋಗುತ್ತವೆ. ಆಮೇಲೆ ಒಂದು ರಾತ್ರಿ ಯಾರೋ ಒಬ್ಬ ಮನೆಯ ಸುದ್ದಿ ಎತ್ತುತ್ತಾನೆ, ತಂಗಿ ಈಗ ಎಷ್ಟು ದೊಡ್ಡವಳಾಗಿರಬಹುದು ಅಂತ. ಆ ಒಬ್ಬ ಎತ್ತಿದರೆ ಉಳಿದವರೂ ಎತ್ತುತ್ತಾರೆ. ಶಿಬಿರದ ಕೊನೆಯ ದಿನಕ್ಕೆ ತಂದೆತಾಯಿಗಳನ್ನು ಕರೆಸುತ್ತಾರೆ. ಒಂದು ಕಡೆ ಹುಡುಗರ ಸಾಲು, ಇನ್ನೊಂದು ಕಡೆ ಹೊಲದ ಕೆಲಸ ಬಿಟ್ಟು ಬಂದ ಜನ. ಮೂರು ವರ್ಷದಲ್ಲಿ ಒಂದು ಗೇಣು ಬೆಳೆದ ಮಗನನ್ನು ತಾಯಿ ಗುರುತಿಸಲು ಹೋಗಿ ತಪ್ಪಿ ಪಕ್ಕದವನನ್ನು ಅಪ್ಪಿಕೊಂಡದ್ದೂ ಉಂಟಂತೆ.

ಮನೆಯವರ ಪಾಡು ನಮ್ಮ ಕಡತಗಳಲ್ಲಿ ಕಡಿಮೆ ದಾಖಲಾಗಿದೆ. ಹುಡುಗ ಕಾಣದಾದ ದಿನ ಬಾವಿಗೆ ಇಳಿಸಿ ನೋಡುತ್ತಾರೆ. ಆಮೇಲೆ ನೆಂಟರ ಊರುಗಳು. ಆಮೇಲೆ ಶಾಸ್ತ್ರ ಕೇಳುವುದು: ಕಣಿ ಹೇಳುವವಳು 'ನೀರಿರೋ ದಿಕ್ಕಿನಾಗ ಅದಾನ' ಎನ್ನುತ್ತಾಳೆ, ಅಪ್ಪ ಸಾಲ ಮಾಡಿ ಮುಂಬಯಿಗೆ ಹೋಗುತ್ತಾನೆ. ಸ್ವಲ್ಪ ಅನುಕೂಲವಿದ್ದವರು ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಾರೆ. ಎಲ್ಲಿದ್ದರೂ ಬಾ, ಯಾರೂ ಬಯ್ಯುವುದಿಲ್ಲ, ತಾಯಿ ಅನ್ನ ಬಿಟ್ಟಿದ್ದಾಳೆ ಎಂಬರ್ಥದ ಆ ನಾಲ್ಕು ಸಾಲುಗಳನ್ನು ನಾವೆಲ್ಲ ಓದಿ ಪುಟ ತಿರುವಿದವರೇ. ಠಾಣೆಗೆ ಹೋದರೆ ಬಹಳ ಕಾಲ ಆಗುತ್ತಿದ್ದದ್ದು ಡೈರಿಯಲ್ಲಿ ಒಂದು ಟಿಪ್ಪಣಿ ಅಷ್ಟೇ. ಬಚಪನ್ ಬಚಾವೊ ಆಂದೋಲನದ ಅರ್ಜಿಯ ಮೇಲೆ 2013ರ ಮೇ 10ರಂದು ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ, ಕಾಣೆಯಾದ ಮಗುವಿನ ದೂರಿಗೆ ಎಫ್‌ಐಆರ್ ದಾಖಲಿಸಬೇಕು ಎಂದಾಯಿತು. ಒಂದು ಕಡೆ ಕಾಣೆಯಾದವರ ಪಟ್ಟಿ, ಇನ್ನೊಂದು ಕಡೆ ಸಿಕ್ಕವರ ಪಟ್ಟಿ, ಎರಡನ್ನೂ ತಾಳೆ ಹಾಕುವ ಜಾಲತಾಣಗಳೂ ಬಂದವು. ಅಲ್ಲಿಯವರೆಗೆ ಮಗು ಒಂದು ಪಟ್ಟಿಯಲ್ಲಿ, ತಾಯಿ ಇನ್ನೊಂದು ಪಟ್ಟಿಯಲ್ಲಿ.

ಇನ್ನೊಂದು ಎಳೆ ಮುಂಬಯಿಯದು. 1996ರ ಜೂನ್‌ನಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕ್ಷೇತ್ರಕಾರ್ಯವಾಗಿ ಜೆರೂ ಬಿಲಿಮೋರಿಯಾ ಅವರು ಶುರು ಮಾಡಿದ ಚೈಲ್ಡ್‌ಲೈನ್. 1098 ಎಂಬ ಸಂಖ್ಯೆ. ಹತ್ತು, ಒಂಬತ್ತು, ಎಂಟು ಎಂದು ಇಳಿಸಿ ಎಣಿಸಿದರೆ ಅಕ್ಷರ ಬಾರದ ಮಗುವಿಗೂ ನೆನಪಿರುತ್ತದೆ. 'ದಸ್ ನೌ ಆಠ್' ಎಂದು ಹೀಗೆ ಕರೆಯುವ ಯೋಚನೆ ಬೀದಿಯ ಮಕ್ಕಳದ್ದೇ. ನಗರ ನಗರಗಳಿಗೆ ಹಬ್ಬಿದ ಈ ವ್ಯವಸ್ಥೆಯನ್ನು ಸ್ಥಳೀಯ ಸಂಸ್ಥೆಗಳು ಕಾಲು ಶತಮಾನ ಹೊತ್ತುಕೊಂಡು ಬಂದವು. 2023ರಲ್ಲಿ ಸರ್ಕಾರ ಅದನ್ನು ತನ್ನ ಇಲಾಖೆಗಳ ಕೈಗೆ ತೆಗೆದುಕೊಂಡು 112ರ ತುರ್ತು ಸಂಖ್ಯೆಯ ಜೊತೆ ಜೋಡಿಸಿತು. ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಬಿಸಿಯಾಗಿದೆ. ಫೋನು ಎತ್ತುವ ದನಿ ಪೊಲೀಸಿನದಾಗಿದ್ದರೆ ರಿಮ್ಯಾಂಡ್ ಹೋಮಿಗೆ ಹೆದರುವ ಹುಡುಗ ಮಾತಾಡುತ್ತಾನೆಯೇ ಎಂಬ ಹಳಬರ ಅಳುಕು ನನ್ನದೂ ಹೌದು.

ಕಾಯಿದೆಯ ಭಾಷೆಯೂ ನಿಧಾನವಾಗಿ ಬದಲಾಯಿತು. 2000ದ ಕಾಯಿದೆಯಲ್ಲಿ 'ಅಲಕ್ಷಿತ ಬಾಲಕ' ಹೋಗಿ 'ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು' ಬಂತು. ಬಾಯಿ ತುಂಬುವ ಸಮಾಸ ನಿಜ, ಆದರೆ ಅದರಲ್ಲಿ ಯಾರ ಮೇಲೂ ಗೂಬೆ ಕೂರಿಸಿಲ್ಲ. ಮಕ್ಕಳ ಕಲ್ಯಾಣ ಸಮಿತಿ ಎಂಬ ಪೀಠ ಬಂತು. 2006ರ ತಿದ್ದುಪಡಿ ಜಿಲ್ಲೆಗೊಂದು ಸಮಿತಿ ಬೇಕೆಂದಿತು. 2016ರ ಜನವರಿಯಲ್ಲಿ ಜಾರಿಗೆ ಬಂದ 2015ರ ಕಾಯಿದೆ, ಸಿಕ್ಕ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ. ಅದರ 40ನೇ ಸೆಕ್ಷನ್ನಿನ ಮೊದಲ ಸಾಲಿನ ಸಾರ ಇಷ್ಟು: ಯಾವುದೇ ಮಕ್ಕಳ ಮನೆಯ, ತೆರೆದ ಆಶ್ರಯತಾಣದ ಮುಖ್ಯ ಉದ್ದೇಶ ಮಗುವನ್ನು ಮರಳಿ ಸೇರಿಸುವುದು ಮತ್ತು ರಕ್ಷಿಸುವುದು. ಪ್ಲಾಟ್‌ಫಾರ್ಮಿನವರು ಎರಡು ದಶಕದಿಂದ ಹೇಳುತ್ತಿದ್ದದ್ದು ಗೆಜೆಟ್ಟಿನಲ್ಲಿ ಅಚ್ಚಾಯಿತು.

ರೈಲ್ವೆಯೂ ಎಚ್ಚೆತ್ತಿತು. ಟಿಕೆಟ್ ಇಲ್ಲದ ಹುಡುಗನನ್ನು ಇಳಿಸಿ ಓಡಿಸುವುದೇ ತನ್ನ ಕೆಲಸ ಎಂದುಕೊಂಡಿದ್ದ ಇಲಾಖೆ 2015ರಲ್ಲಿ ಇಂಥ ಮಕ್ಕಳಿಗಾಗಿ ಕಾರ್ಯವಿಧಾನ ರೂಪಿಸಿತು. ರೈಲ್ವೆ ರಕ್ಷಣಾ ದಳದ 'ನನ್ಹೇ ಫರಿಶ್ತೇ' ಕಾರ್ಯಾಚರಣೆಯಲ್ಲಿ 2018ರಿಂದ 2024ರ ಮೇ ತನಕ 84,119 ಮಕ್ಕಳನ್ನು ರಕ್ಷಿಸಿದ್ದಾಗಿ ಇಲಾಖೆ ಹೇಳಿದೆ. ದೊಡ್ಡ ಸಂಖ್ಯೆ. ಆದರೆ ರಕ್ಷಿಸಿದವರ ಸಂಖ್ಯೆಯ ಪಕ್ಕದಲ್ಲಿ, ಮನೆ ಸೇರಿ ಒಂದು ವರ್ಷವಾದ ಮೇಲೂ ಮನೆಯಲ್ಲೇ ಇರುವವರ ಸಂಖ್ಯೆಯನ್ನು ಇಡಬೇಕೆಂದು ನನ್ನಂಥ ತಕರಾರಿನ ಮನುಷ್ಯನಿಗೆ ಅನ್ನಿಸುತ್ತದೆ. ಕಳಿಸುವುದು ಬೇರೆ, ಸೇರಿಸುವುದು ಬೇರೆ.

ಈ ವ್ಯತ್ಯಾಸ ಎಲ್ಲರ ಕಣ್ಣಿಗೂ ಬಿದ್ದದ್ದು 2020ರಲ್ಲಿ. ಕೋವಿಡ್ ಬಂದು ರೈಲು ನಿಂತಿತು, ಪ್ಲಾಟ್‌ಫಾರ್ಮು ಖಾಲಿಯಾಯಿತು. ಆ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಎಂಟು ರಾಜ್ಯಗಳಿಗೆ ಪತ್ರ ಬರೆಯಿತು. ಕರ್ನಾಟಕವೂ ಅದರಲ್ಲಿತ್ತು. ಈ ರಾಜ್ಯಗಳ ಪಾಲನಾ ಸಂಸ್ಥೆಗಳಲ್ಲಿರುವ ಸುಮಾರು 1.84 ಲಕ್ಷ ಮಕ್ಕಳನ್ನು 100 ದಿನಗಳೊಳಗೆ ಕುಟುಂಬಗಳಿಗೆ ಮರಳಿಸಿ ಎಂದು. ತತ್ವ ನಮ್ಮದೇ, ಮಗು ಮನೆಯಲ್ಲಿರಬೇಕು. ಗಡುವು ಮಾತ್ರ ಕ್ಯಾಲೆಂಡರಿನದು. ಕೆಲಸ ಕಳೆದುಕೊಂಡು ಕೂತ ಮನೆಗಳಿಗೆ, ಯಾಕೆ ಬಿಟ್ಟುಬಂದ ಎಂದು ವಿಚಾರಿಸುವ ವ್ಯವಧಾನವಿಲ್ಲದೆ ಮಕ್ಕಳನ್ನು ಇಳಿಸಿಬಂದರೆ ಏನಾದೀತು ಎಂದು ಈ ಕೆಲಸದವರೇ ಮೊದಲು ಕೂಗಿದರು. ಮೂವತ್ತು ವರ್ಷ 'ಮನೆಗೆ ಕಳಿಸಿ' ಎಂದವರು 'ಹೀಗೆ ಕಳಿಸಬೇಡಿ' ಎನ್ನಬೇಕಾಯಿತು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮನೆಗೆ ಮರಳಿದ ಮಕ್ಕಳ ಓದಿಗೆ ತಲಾ ತಿಂಗಳಿಗೆ 2,000 ರೂಪಾಯಿ ಕೊಡುವಂತೆ ರಾಜ್ಯಗಳಿಗೆ ಹೇಳಿತು. ಈಗ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವದ ಮೊತ್ತ ತಿಂಗಳಿಗೆ 4,000.

ದುಡ್ಡು ಬೇಕು, ಆದರೆ ಹುಡುಗ ಮತ್ತೆ ಓಡಿಹೋಗುವುದು ದುಡ್ಡಿಲ್ಲದ್ದಕ್ಕೇ ಅಲ್ಲ. ಮನೆ ಸೇರಿದ ದಿನ ಹಬ್ಬ. ಹೋಳಿಗೆ, ನೆರೆಯವರ ಗುಂಪು, ದೃಷ್ಟಿ ತೆಗೆಯುವುದು. ಎರಡನೇ ದಿನವೂ ಪರವಾಗಿಲ್ಲ. ಮೂರನೇ ದಿನ ಅಪ್ಪ ಕುಡಿದು ಬಂದು ಹಳೆಯ ಲೆಕ್ಕ ತೆಗೆಯುತ್ತಾನೆ, ನಿನ್ನ ಹುಡುಕಲಿಕ್ಕೆ ಎಷ್ಟು ಸಾಲ ಆಯ್ತು ಗೊತ್ತೇನು ಅಂತ. ಓಣಿಯ ಹುಡುಗರು 'ಬಾಂಬೆ' ಎಂದು ಅಡ್ಡಹೆಸರು ಇಡುತ್ತಾರೆ. ಶಾಲೆಯಲ್ಲಿ ಐದನೇ ತರಗತಿಗೆ ಬಿಟ್ಟವನು ಮೀಸೆ ಚಿಗುರಿದ ಮೇಲೆ ಮತ್ತೆ ಐದನೆಯ ತರಗತಿಯ ಮಕ್ಕಳ ನಡುವೆ ಕೂರಬೇಕು. ಏನು ಕಾಣೆಯಾದರೂ ಮೊದಲ ನೋಟ ಅವನ ಮೇಲೆ. ಹಾಗಾಗಿ ಬಲ್ಲವರು ಹುಡುಗನ ಜೊತೆಗೆ ಮಾಡಿದಷ್ಟೇ ಮಾತನ್ನು ಅಪ್ಪನ ಜೊತೆಗೂ ಮಾಡುತ್ತಾರೆ, ಒಪ್ಪಿಸುವ ಮೊದಲೇ. ಹೋದ ಊರಿನಲ್ಲಿ ಮೇಷ್ಟ್ರನ್ನೋ ಅಂಗನವಾಡಿಯಮ್ಮನನ್ನೋ, ಒಬ್ಬರನ್ನಾದರೂ ಗುರುತು ಮಾಡಿ ಬರುತ್ತಾರೆ. ಓದಲೊಲ್ಲದ ಹುಡುಗನಿಗೆ ಶಾಲೆಯನ್ನೇ ಹಿಡಿದು ಕೂರದೆ ಗ್ಯಾರೇಜಿನ ಕಸುಬಿನ ದಾರಿ ತೋರಿಸಿದರೆ ಆದೀತು, ಕಾಯಿದೆ ಒಪ್ಪುವ ವಯಸ್ಸಾಗಿದ್ದರೆ. ಮತ್ತೆ ತಿಂಗಳಿಗೊಮ್ಮೆ ಫೋನು. ಆ ಫೋನಿನ ಖರ್ಚಿಗೆ ದಾನಿಗಳು ಸಿಗುವುದಿಲ್ಲ ಎಂದು ಹೇಳದ ಸಂಸ್ಥೆಯನ್ನು ನಾನು ಕಂಡಿಲ್ಲ. ಕಟ್ಟಡಕ್ಕೆ ಕಲ್ಲು ಹಾಕಿಸಿ ಹೆಸರು ಕೆತ್ತಿಸಬಹುದು, ಫೋನ್ ಕರೆಗೆ ಎಲ್ಲಿ ಕೆತ್ತುವುದು?

ಕೆಲವು ಮನೆಗಳಿಗೆ ಕಳಿಸಲೇಬಾರದು. ಮಗುವನ್ನು ಮಾರಿದವರೇ ತಂದೆತಾಯಿ ಆಗಿದ್ದರೆ, ಮನೆಯೊಳಗೇ ಮೈಮೇಲೆ ಕೈ ಬಿದ್ದಿದ್ದರೆ, ರಕ್ತಸಂಬಂಧದ ಮಾತು ಅಲ್ಲಿಗೆ ನಿಲ್ಲಬೇಕು. ಹೆಣ್ಣುಮಕ್ಕಳ ವಿಷಯ ಇನ್ನೂ ಇಕ್ಕಟ್ಟು. ಪ್ಲಾಟ್‌ಫಾರ್ಮಿನಲ್ಲಿ ಅವರು ಕಡಿಮೆ ಕಾಣುತ್ತಾರೆ ಎಂದರೆ ಕಡಿಮೆ ಬರುತ್ತಾರೆ ಎಂದಲ್ಲ, ಬೇಗ ಮರೆಯಾಗುತ್ತಾರೆ ಎಂದು. ಸಿಕ್ಕವಳ ಮನೆ ಹುಡುಕಿ ಫೋನು ಮಾಡಿದರೆ ಆ ಕಡೆಯಿಂದ ಮೌನ. ಒಂದು ರಾತ್ರಿ ಹೊರಗಿದ್ದವಳನ್ನು ಒಳಗೆ ಕರೆದುಕೊಳ್ಳಲು ಊರ ಮರ್ಯಾದೆ ಅಡ್ಡ. ಹುಡುಗ ಮೂರು ವರ್ಷ ಬಿಟ್ಟು ಬಂದರೆ ಹೋಳಿಗೆ, ಹುಡುಗಿ ಮೂರು ದಿನ ಬಿಟ್ಟು ಬಂದರೆ ಪಂಚಾಯಿತಿ. ಈ ಒಂದು ವಿಷಯದಲ್ಲಿ ನಮ್ಮ ಸಂಸ್ಥೆಗಳು ನಾಲ್ಕು ದಶಕದಲ್ಲಿ ಹೆಚ್ಚು ದೂರ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ. ಸ್ಮರಣ ಸಂಚಿಕೆಯಲ್ಲಿ ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆದಿದ್ದೇನೆ.

ಬರೆದು ಮುಗಿಸುವ ಹೊತ್ತಿಗೆ ಸಂಪಾದಕರು ಫೋನು ಮಾಡಿ ಚಿತ್ರಪುಟಕ್ಕೆ ಫೋಟೋ ಕೇಳಿದರು. ಮನೆ ಸೇರಿದ ಮಕ್ಕಳದು, ನಗುತ್ತಿರುವುದು ಇದ್ದರೆ ಚೆನ್ನ ಎಂದರು. ಕಾಯಿದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಹೆಸರು, ಮುಖ, ಊರು, ಶಾಲೆ ಯಾವುದನ್ನೂ ಅಚ್ಚು ಹಾಕುವಂತಿಲ್ಲ ಎಂದು ಹೇಳಿದೆ. ಹಾಗಾದರೆ ಏನು ಹಾಕುವುದು ಎಂದರು. ನನ್ನ ಹತ್ತಿರ ಇದ್ದದ್ದು ಒಂದೇ, ಯಾವುದೋ ಆಶ್ರಯತಾಣಕ್ಕೆ ಹೋಗಿದ್ದಾಗ ಫೋನಿನಲ್ಲಿ ತೆಗೆದದ್ದು. ಗೋಡೆ, ಗೋಡೆಯ ಮೊಳೆಗೆ ನೇತುಹಾಕಿದ ಒಂದು ಮರೆತ ಅಂಗಿ, ಕೆಳಗೆ ಸುತ್ತಿ ಒರಗಿಸಿದ ಹನ್ನೊಂದು ಚಾಪೆ. ಅದನ್ನೇ ಕಳಿಸಿದ್ದೇನೆ.